‘ಮೈನರ್’ ಅಂದರೆ ಯಾವುದಕ್ಕಿಂತ? ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಸಿದ್ದಾಪುರ, ಮೊಳಕಾಲ್ಮೂರು ತಾಲ್ಲೂಕು



ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನೂ ಇಂಗ್ಲಿಷನ್ನೂ ಕಲಿಸುತ್ತಿರುವ ನಿಮ್ಮೆಲ್ಲರ ಮುಂದೆ ಒಂದೇ ಒಂದು ಪದವನ್ನು ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಆ ಪದ ‘ಮೈನರ್’. ಸಿದ್ದಾಪುರ, ಅದಕ್ಕೆ ಹತ್ತಿರದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರು ಕಡೆಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಅಧಿಕಾರಿ ಬಿ.ಎಲ್. ರೈಸ್ ಇವನ್ನು ಪತ್ತೆಹಚ್ಚಿ ಲೋಕಕ್ಕೆ ತಿಳಿಸಿದರು. ಅಶೋಕನ ಮಾತು ಇಷ್ಟು ದೂರದ ದಕ್ಷಿಣಕ್ಕೂ ಬಂದಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷ್ಯ ಮೊದಲು ದೊರೆತದ್ದು ನಮ್ಮ ಈ ನೆಲದಲ್ಲಿ. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಇವುಗಳ ವರ್ಗದ ಹೆಸರು ‘ಮೈನರ್ ರಾಕ್ ಎಡಿಕ್ಟ್ಸ್’. ಕನ್ನಡದಲ್ಲಿ ಇದು ಕಿರು ಶಿಲಾಶಾಸನ, ಲಘು ಶಿಲಾಶಾಸನ, ಸಣ್ಣ ಶಿಲಾಶಾಸನ ಎಂದು ಬಗೆಬಗೆಯಾಗಿ ಬರುತ್ತದೆ. ಈ ವಿಶೇಷಣ ಅಳೆಯುವುದು ಬರಹದ ಉದ್ದವನ್ನು, ಅದರ ಯೋಗ್ಯತೆಯನ್ನಲ್ಲ. ಇಷ್ಟನ್ನು ಮಕ್ಕಳಿಗೆ ಬಿಡಿಸಿ ಹೇಳದೆ ಮುಂದೆ ಹೋದರೆ, ತಮ್ಮ ಊರಿನ ಬಂಡೆ ಚರಿತ್ರೆಯಲ್ಲಿ ಎರಡನೆಯ ದರ್ಜೆಯದು ಎಂಬ ಭಾವನೆ ಅವರ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತದೆ. ಹಾಗಾಗಬಾರದು ಎಂಬುದು ನನ್ನ ಕಳಕಳಿ. ಅದಕ್ಕೆ ಬೇಕಾದ ಆಧಾರಗಳನ್ನು ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಪದದ ಮೂಲದಿಂದ ಶುರುಮಾಡೋಣ. ಮೈನರ್ ಲ್ಯಾಟಿನ್ ಭಾಷೆಯ ಪದ. ಅಲ್ಲಿ ಅದರ ಉಚ್ಚಾರ ‘ಮಿನೊರ್’. ಚಿಕ್ಕದು ಎನ್ನಲು ಲ್ಯಾಟಿನ್ನಿನಲ್ಲಿದ್ದ ಮೂಲ ಪದ ‘ಪಾರ್ವುಸ್’. ಅದರ ತರತಮ ರೂಪವಾಗಿ ಬಳಕೆಯಲ್ಲಿದ್ದದ್ದು ಮಿನೊರ್, ಅಂದರೆ ‘ಇನ್ನೊಂದಕ್ಕಿಂತ ಚಿಕ್ಕದು’. ಎಲ್ಲಕ್ಕಿಂತ ಚಿಕ್ಕದು ಎನ್ನಲು ‘ಮಿನಿಮುಸ್’. ಇದರ ಜೋಡಿಯಾದ ಮೇಜರ್ ಕೂಡ ಹೀಗೆಯೇ: ದೊಡ್ಡದು ಎಂಬರ್ಥದ ‘ಮಾಗ್ನುಸ್’ ಪದದ ತರತಮ ರೂಪ ‘ಮಾಯೊರ್’. ಗಣಿತದ ಮೈನಸ್, ಗಡಿಯಾರದ ಮಿನಿಟ್, ಮಿನಿಮಮ್, ಕಡಿಮೆ ಮಾಡು ಎಂಬ ಅರ್ಥದ ಡಿಮಿನಿಶ್, ಇವೆಲ್ಲ ಈ ಮನೆತನದ ಪದಗಳು. ಕುಗ್ಗು, ಕ್ಷೀಣಿಸು ಎಂಬ ಅರ್ಥದ ಸಂಸ್ಕೃತದ ‘ಮೀಯತೇ’ಯನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ. ನಾವು ದಿನವೂ ಕೇಳುವ ಮಿನಿಸ್ಟರ್ ಪದ ಕೂಡ ಇಲ್ಲಿಂದಲೇ ಬಂದದ್ದು. ‘ಹೆಚ್ಚು’ ಎಂಬುದರಿಂದ ಒಡೆಯನನ್ನೂ ಗುರುವನ್ನೂ ಹೇಳುವ ‘ಮಾಗಿಸ್ತೆರ್’ ಹುಟ್ಟಿದರೆ, ‘ಕಡಿಮೆ’ ಎಂಬುದರಿಂದ ಸೇವಕನನ್ನು ಹೇಳುವ ‘ಮಿನಿಸ್ತೆರ್’ ಹುಟ್ಟಿತು. ಮಾಗಿಸ್ತೆರ್ ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ, ನಮ್ಮ ಬಾಯಲ್ಲಿ ಮೇಷ್ಟ್ರು ಆಯಿತು. ಇವುಗಳಲ್ಲಿ ನಮಗೆ ಮುಖ್ಯವಾದದ್ದು ಒಂದು ಅಂಶ. ಮಿನೊರ್ ಎಂಬ ರೂಪದ ಒಳಗೇ ಕನ್ನಡದ ‘-ಗಿಂತ’ ಅಡಗಿದೆ. ಆ ಪದ ಕೇಳಿದ ರೋಮನ್ನನ ಮನಸ್ಸಿನಲ್ಲಿ ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ಒಂದು ವಸ್ತುವನ್ನು ಒಂಟಿಯಾಗಿ ನಿಲ್ಲಿಸಿ ಅದು ಮಿನೊರ್ ಎನ್ನುವುದರಲ್ಲಿ ಅರ್ಥವಿರಲಿಲ್ಲ.

ಇಂಗ್ಲಿಷಿಗೆ ಬಂದಾಗ ಈ ಪದದ ಸ್ವಭಾವ ಸ್ವಲ್ಪ ಬದಲಾಯಿತು. ಇಂಗ್ಲಿಷ್ ವ್ಯಾಕರಣ ಕಲಿಸುವ ನಿಮಗೆ ಇದು ಗೊತ್ತಿರುವ ಸಂಗತಿ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್, ಇವೆಲ್ಲ ಲ್ಯಾಟಿನ್ನಿನ ತರತಮ ರೂಪಗಳೇ. ಇವುಗಳ ಮುಂದೆ ‘ದ್ಯಾನ್’ ಬಾರದೆ ‘ಟು’ ಬರುತ್ತದೆ. ಮೇಜರ್, ಮೈನರ್ ಪದಗಳ ಪಾಡು ಇನ್ನೂ ಬೇರೆ. ಇಂದಿನ ಸಾಮಾನ್ಯ ಬಳಕೆಯಲ್ಲಿ ಅವುಗಳ ಮುಂದೆ ಹೋಲಿಕೆ ಹೇಳುವ ಪದವೇ ಬರುವುದಿಲ್ಲ. ಒಂದು ‘ಮೈನರ್ ರಿಪೇರಿ’ ಅನ್ನಬಹುದು. ಇದು ಅದಕ್ಕಿಂತ ಮೈನರ್ ಎನ್ನಲು ಇಂಗ್ಲಿಷ್ ಒಪ್ಪುವುದಿಲ್ಲ. ಅಂದರೆ ಹೋಲಿಕೆಯ ಎರಡನೆಯ ಕೊನೆ ವಾಕ್ಯದಿಂದ ಕಣ್ಮರೆಯಾಗಿ, ಪದದ ಹೊಟ್ಟೆಯೊಳಗೆ ಮಾತ್ರ ಉಳಿಯಿತು. ಕಣ್ಣಿಗೆ ಬೀಳದ್ದು ಮರೆತುಹೋಗುವುದು ಸಹಜ. ಹೀಗೆ ಹೋಲಿಕೆ ಮರೆತಾಗ, ಅಳತೆ ಹೇಳುತ್ತಿದ್ದ ಪದ ನಿಧಾನವಾಗಿ ಗುಣ ಹೇಳುವ ಪದವಾಗುತ್ತದೆ. ‘ಮೈನರ್ ಕವಿ’ ಎಂದಾಗ ಇಂಗ್ಲಿಷ್ ಓದುಗ ಆ ಕವಿ ಕಡಿಮೆ ಪುಟ ಬರೆದ ಎಂದುಕೊಳ್ಳುವುದಿಲ್ಲ, ಅವನ ಕಾವ್ಯದ ಸತ್ವವೇ ಕಡಿಮೆ ಎಂದುಕೊಳ್ಳುತ್ತಾನೆ. ಒಂದೇ ಪದ ಒಂದೆಡೆ ಅಳತೆಯ ಕೋಲು, ಇನ್ನೊಂದೆಡೆ ತೀರ್ಪು. ಎಲ್ಲಿ ಯಾವುದು ಎಂಬುದನ್ನು ಗುರುತಿಸುವುದೇ ಅದನ್ನು ಅರಿತು ಬಳಸುವ ಬಗೆ.

ಆಡಳಿತದ ಮತ್ತು ಕಾನೂನಿನ ಭಾಷೆಯಲ್ಲಿ ಈ ಪದ ಬಹುಮಟ್ಟಿಗೆ ಅಳತೆಯ ಕೋಲಾಗಿಯೇ ಉಳಿದಿದೆ. ಎರಡು ಸಾವಿರ ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿಗೆ ನೀರು ಕೊಡುವ ಯೋಜನೆ ನಮ್ಮ ದೇಶದಲ್ಲಿ ಮೈನರ್ ಇರಿಗೇಷನ್, ಅದಕ್ಕೇ ಸಣ್ಣ ನೀರಾವರಿ ಇಲಾಖೆ ಇದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿರುವ ನಮ್ಮಲ್ಲಿ ಊರ ಕೆರೆಯ ಬೆಲೆ ಸಣ್ಣದು ಎಂದು ಯಾರೂ ಹೇಳಲಾರರು. ಅಲ್ಲಿ ‘ಸಣ್ಣ’ ಎಂಬುದು ಹೆಕ್ಟೇರುಗಳ ಲೆಕ್ಕವಷ್ಟೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಮರಳು ‘ಮೈನರ್ ಮಿನರಲ್ಸ್’. ಕನ್ನಡದಲ್ಲಿ ಅವನ್ನು ಉಪಖನಿಜ ಎನ್ನುತ್ತೇವೆ. ಮನೆ ಕಟ್ಟುವವನಿಗೆ ಅವಿಲ್ಲದೆ ಒಂದು ದಿನವೂ ಸಾಗದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಿದಿರು, ಜೇನು, ಅರಗು, ಔಷಧಿ ಗಿಡಗಳು ‘ಮೈನರ್ ಫಾರೆಸ್ಟ್ ಪ್ರೊಡ್ಯೂಸ್’, ಕನ್ನಡದಲ್ಲಿ ಕಿರು ಅರಣ್ಯ ಉತ್ಪನ್ನ. ಕಾಡಂಚಿನ ಕುಟುಂಬಗಳ ವರ್ಷದ ಆದಾಯ ನಿಂತಿರುವುದು ಅವುಗಳ ಮೇಲೆ. ಇನ್ನು 1875ರ ಇಂಡಿಯನ್ ಮೆಜಾರಿಟಿ ಕಾಯ್ದೆ 18 ವರ್ಷ ತುಂಬದವರನ್ನು ಮೈನರ್ ವರ್ಗಕ್ಕೆ ಸೇರಿಸುತ್ತದೆ. ಇಲ್ಲಿ ಕನ್ನಡ ತುಂಬ ವಿವೇಕದಿಂದ ನಡೆದುಕೊಂಡಿದೆ. ‘ಸಣ್ಣವರು’ ಎನ್ನದೆ ‘ಅಪ್ರಾಪ್ತ ವಯಸ್ಕರು’ ಎಂದು, ಕಾನೂನು ನೋಡುತ್ತಿರುವುದು ವಯಸ್ಸನ್ನು ಮಾತ್ರ ಎಂದು ಬಿಡಿಸಿ ಹೇಳಿದೆ. ಲ್ಯಾಟಿನ್ನಿನಲ್ಲೂ ಕಿರಿಯರನ್ನು ‘ಮಿನೊರ್ ನಾತೂ’ ಎನ್ನುತ್ತಿದ್ದರು, ಹುಟ್ಟಿನ ಲೆಕ್ಕದಲ್ಲಿ ಚಿಕ್ಕವರು ಎಂದು. ಹೀಗೆ ಒಂದೊಂದು ಸಂದರ್ಭದಲ್ಲೂ ಯಾವ ಅಳತೆ ಎಂದು ಕೇಳಿಕೊಂಡು ಬೇರೆ ಬೇರೆ ಪದ ಕೊಟ್ಟ ಕನ್ನಡ, ಶಾಸನದ ವಿಷಯದಲ್ಲೂ ಅದೇ ಎಚ್ಚರ ತೋರಬಲ್ಲದು.

ಶಾಸನಗಳಿಗೆ ಈ ವಿಶೇಷಣ ಏಕೆ ಬಂತು? ಗಿರ್ನಾರ್, ಕಾಲ್ಸಿ, ಶಾಬಾಜ್‌ಗಢಿ, ಮಾನ್ಸೆಹ್ರಾ, ಎರ್ರಗುಡಿ ಮುಂತಾದ ಕಡೆ ಅಶೋಕನ ಹದಿನಾಲ್ಕು ಶಾಸನಗಳ ಒಂದು ದೊಡ್ಡ ಸರಣಿ ಬಂಡೆಗಳ ಮೇಲಿದೆ. ಅದರ ಪಕ್ಕದಲ್ಲಿಟ್ಟು ನೋಡಿದರೆ ರೂಪನಾಥ, ಬೈರಾಟ್, ಸಸಾರಾಮ್, ಬ್ರಹ್ಮಗಿರಿ, ಸಿದ್ದಾಪುರಗಳ ಬರಹ ಚುಟುಕಾದದ್ದು. ಬ್ರಹ್ಮಗಿರಿಯ ಬಂಡೆಯಲ್ಲಿರುವುದು 13 ಸಾಲು. ಎರಡು ಗುಂಪುಗಳನ್ನು ಬೇರ್ಪಡಿಸಲು ವಿದ್ವಾಂಸರಿಗೆ ಒಂದು ಹೆಸರು ಬೇಕಿತ್ತು. ದೊಡ್ಡದನ್ನು ಮೇಜರ್, ಚಿಕ್ಕದನ್ನು ಮೈನರ್ ಎಂದರು. ಆವರೆಗೆ ಸಿಕ್ಕಿದ್ದ ಅಶೋಕನ ಎಲ್ಲ ಶಾಸನಗಳನ್ನು 1925ರಲ್ಲಿ ಹೊಸದಾಗಿ ಸಂಪಾದಿಸಿದ ಹುಲ್ಟ್ಷ್ ಅವರ ಸಂಪುಟದ ಹೊತ್ತಿಗೆ ಈ ವಿಂಗಡಣೆ ಗಟ್ಟಿಯಾಗಿತ್ತು. ಆದರೆ ಅದಕ್ಕೂ ಮುಂಚೆ, ನಮ್ಮ ಶಾಸನಗಳನ್ನು ಮೊದಮೊದಲು ಓದಿದವರು ಅವನ್ನು ಊರ ಹೆಸರಿನಿಂದಲೇ ಕರೆದಿದ್ದರು. ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಪ್ರಕಟಿಸಿದ ಲೇಖನದಲ್ಲಿ ಇವು ‘ಸಿದ್ದಾಪುರ ಶಾಸನಗಳು’. ನಮ್ಮ ಜನರಂತೂ ಬ್ರಹ್ಮಗಿರಿಯ ಬಂಡೆಯನ್ನು ‘ಅಕ್ಷರ ಗುಂಡು’ ಎಂದು ಕರೆದರು. ಓದಲು ಬಾರದಿದ್ದರೂ ಅದರ ಮೇಲಿರುವುದು ಅಕ್ಷರ ಎಂದು ಗುರುತಿಸಿ, ಅದನ್ನೇ ಕಲ್ಲಿಗೆ ಹೆಸರಾಗಿ ಇಟ್ಟರು.

ಬರಹದ ಉದ್ದಕ್ಕೆ ಇಟ್ಟ ಹೆಸರು ಬರಹದ ಬೆಲೆಯ ಮೇಲೆ ನೆರಳು ಚಾಚುವ ತೊಂದರೆ ಇದೇ ಮೊದಲಲ್ಲ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಹನ್ನೆರಡು ಪ್ರವಾದಿಗಳನ್ನು ‘ಮೈನರ್ ಪ್ರಾಫೆಟ್ಸ್’ ಎನ್ನುವ ರೂಢಿಯಿದೆ. ಅವರು ಕಡಿಮೆ ಪ್ರವಾದಿಗಳೇ ಎಂಬ ಸಂಶಯ ಬರುವುದು ಸಹಜ. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್ ತಮ್ಮ ‘ದೇವರ ನಗರ’ ಗ್ರಂಥದಲ್ಲಿ ಅದಕ್ಕೆ ಸ್ಪಷ್ಟವಾದ ಉತ್ತರ ಬರೆದರು. ಈ ಹನ್ನೆರಡು ಪ್ರವಾದಿಗಳ ಮಾತುಗಳು ಚಿಕ್ಕವು, ಉಳಿದವರ ಗ್ರಂಥಗಳು ಉದ್ದವಾದವು, ಆ ಹೋಲಿಕೆಯಿಂದ ಈ ಹೆಸರು ಬಂತು ಎಂಬುದು ಅಗಸ್ಟೀನರ ವಿವರಣೆಯ ಸಾರ. ಲ್ಯಾಟಿನ್ ತಾಯ್ನುಡಿಯಾಗಿದ್ದವರೂ ಹೀಗೆ ಬಿಡಿಸಿ ಹೇಳಬೇಕಾಯಿತು ಎಂದ ಮೇಲೆ ನಾವು ಹೇಳದೆ ಬಿಡುವುದು ಹೇಗೆ ಸರಿ? ಬೌದ್ಧರ ಪಾಲಿ ತ್ರಿಪಿಟಕದಲ್ಲೂ ಇಂಥದೇ ನಿದರ್ಶನವಿದೆ. ಅಲ್ಲಿನ ಐದು ನಿಕಾಯಗಳಲ್ಲಿ ಕೊನೆಯದು ‘ಖುದ್ದಕ ನಿಕಾಯ’, ಚಿಕ್ಕವುಗಳ ಸಂಗ್ರಹ. ಧಮ್ಮಪದ, ಸುತ್ತನಿಪಾತ, ಥೇರಿಯರ (ಹಿರಿಯ ಭಿಕ್ಷುಣಿಯರ) ಹಾಡುಗಳು, ಜಾತಕಗಳು ಇರುವುದು ಈ ‘ಚಿಕ್ಕ’ ಸಂಗ್ರಹದಲ್ಲೇ. ಬೌದ್ಧ ಗ್ರಂಥಗಳಲ್ಲಿ ಜಗತ್ತು ಬಹಳವಾಗಿ ಓದಿರುವುದೂ ಪ್ರೀತಿಸಿರುವುದೂ ಇಂಥವನ್ನು.

ಕನ್ನಡದ ಮಟ್ಟಿಗೆ ಅಪಾಯ ಸ್ವಲ್ಪ ಹೆಚ್ಚು. ಕಾರಣ, ಚಿಕ್ಕದನ್ನು ಹೇಳುವ ನಮ್ಮ ಹಲವು ಪದಗಳಿಗೆ ತಾತ್ಸಾರ ಅಂಟಿಕೊಂಡಿದೆ. ‘ಸಣ್ಣ’ ಎಂಬುದರಿಂದ ಸಣ್ಣತನ, ಸಣ್ಣ ಬುದ್ಧಿ ಬಂದಿವೆ. ‘ಲಘು’ ಛಂದಸ್ಸಿನಲ್ಲಿ ಒಂದು ಮಾತ್ರೆಯ ಅಕ್ಷರವಷ್ಟೆ. ಅಲ್ಲಿ ಅದಕ್ಕೆ ಯಾವ ಕಳಂಕವೂ ಇಲ್ಲ. ಆದರೆ ಆಡುಮಾತಿನಲ್ಲಿ ಲಘುವಾಗಿ ಮಾತಾಡುವುದು, ಲಘುವಾಗಿ ತೆಗೆದುಕೊಳ್ಳುವುದು ಎರಡೂ ಒಳ್ಳೆಯ ಮಾತಲ್ಲ. ಎಲ್ಲಕ್ಕಿಂತ ದೊಡ್ಡ ಪತನ ‘ಕ್ಷುದ್ರ’ ಪದದ್ದು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಚಿಕ್ಕದು ಎಂಬುದು. ಕನ್ನಡದಲ್ಲಿ ಇಂದು ಕ್ಷುದ್ರ ಎಂದರೆ ಕೀಳು. ಇವುಗಳ ನಡುವೆ ‘ಕಿರು’ ತನ್ನ ಮರ್ಯಾದೆ ಉಳಿಸಿಕೊಂಡಿದೆ. ಕಿರುಬೆರಳು, ಕಿರುಗೆಜ್ಜೆ, ಕಿರುಗತೆ, ಕಿರುಚಿತ್ರ, ಇಲ್ಲೆಲ್ಲ ಅದು ಅಳತೆ ಹೇಳಿ ಸುಮ್ಮನಾಗುತ್ತದೆ. ಮಕ್ಕಳಿಗೆ ಒಂದೇ ಮಾತಿನಲ್ಲಿ ಹೇಳಬೇಕಾದರೆ ಮನೆಯ ಸಂಬಂಧವನ್ನೇ ತೋರಿಸಬಹುದು. ಚಿಕ್ಕಪ್ಪ ಎಂದರೆ ಅಪ್ಪನಿಗಿಂತ ವಯಸ್ಸಿನಲ್ಲಿ ಚಿಕ್ಕವನು. ದೊಡ್ಡಪ್ಪನಿಗೆ ಸಲ್ಲುವ ಗೌರವದಲ್ಲಿ ಅವನಿಗೆ ಒಂದು ಪಾಲು ಕಡಿಮೆ ಎಂದು ಯಾವ ಮನೆಯಲ್ಲೂ ಕಲಿಸುವುದಿಲ್ಲ. ಮೈನರ್, ಮೇಜರ್ ಪದಗಳ ಲ್ಯಾಟಿನ್ ಅರ್ಥ ಸರಿಯಾಗಿ ಕೂಡುವುದು ಇಂಥ ಬಳಕೆಯ ಜೊತೆಗೆ.

ಈಗ ಬಂಡೆಯ ಮೇಲೆ ಇರುವುದೇನು ಎಂದು ನೋಡೋಣ. ಹೆಸರಿಗಿಂತ ಅದೇ ದೊಡ್ಡ ಸಾಕ್ಷಿ. ಕಾಲದ ದೃಷ್ಟಿಯಿಂದ ಮೊದಲು ಬರುವುದು ಈ ಗುಂಪಿನ ಶಾಸನವೇ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕ, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಿಸಲಿಲ್ಲ, ಬೌದ್ಧ ಸಂಘದ ಸಮೀಪಕ್ಕೆ ಹೋಗಿ ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂದು ಅಶೋಕ ಇದರಲ್ಲಿ ಹೇಳಿಕೊಳ್ಳುತ್ತಾನೆ. ಈ ಲೆಕ್ಕವನ್ನು ಹಿಡಿದು ವಿದ್ವಾಂಸರು ಇದನ್ನು ಕ್ರಿ.ಪೂ. 260ರ ಆಸುಪಾಸಿಗೆ, ಅವನ ಶಾಸನಗಳ ಪೈಕಿ ಅತ್ಯಂತ ಮುಂಚಿನ ಹಂತಕ್ಕೆ ಸೇರಿಸುತ್ತಾರೆ. ದೊಡ್ಡ ಸರಣಿಯಲ್ಲಿ ದೊರೆ ಬಹುಮಟ್ಟಿಗೆ ಆಡಳಿತ ನಡೆಸುವವನಾಗಿ ಮಾತಾಡುತ್ತಾನೆ. ಇಲ್ಲಿ ಅವನು ತನ್ನ ಒಳಗಿನ ಬದಲಾವಣೆಯನ್ನು, ತನ್ನ ಹಿಂದಿನ ಸೋಮಾರಿತನವನ್ನೂ ಮುಚ್ಚಿಡದೆ, ದಾಖಲಿಸುತ್ತಾನೆ. ಒಬ್ಬ ಚಕ್ರವರ್ತಿ ತನ್ನ ಕೊರತೆಯನ್ನು ಕಲ್ಲಿನ ಮೇಲೆ ಕೆತ್ತಿಸಿ ಸಾಮ್ರಾಜ್ಯದ ಉದ್ದಗಲಕ್ಕೂ ಓದಿಸುವುದು ಆ ಕಾಲಕ್ಕೂ ಈ ಕಾಲಕ್ಕೂ ಅಪರೂಪದ ನಡೆ.

ಎರಡನೆಯದು ಹೆಸರಿನ ವಿಷಯ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಈ ಪಿಯದಸಿ ಅಶೋಕನೇ ಎಂದು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದರೂ ಕಲ್ಲಿನ ಮೇಲೆ ಆ ಹೆಸರು ಕಾಣಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗಮನಕ್ಕೆ ಬಂದ ಶಾಸನದಲ್ಲಿ ಮೊದಲ ಬಾರಿಗೆ ಅಶೋಕ ಎಂಬ ಹೆಸರು ಓದಲು ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಈ ನಾಲ್ಕೂ ‘ಮೈನರ್’ ಗುಂಪಿನ ಶಾಸನಗಳು. ಹದಿನಾಲ್ಕರ ಸರಣಿಯಲ್ಲಿ ಎಲ್ಲಿಯೂ ಆ ಹೆಸರಿಲ್ಲ. ಅಶೋಕ ಎಂದು ನಾವು ಇಂದು ಧೈರ್ಯವಾಗಿ ಕರೆಯುವುದಕ್ಕೆ ಶಿಲೆಯ ಆಧಾರ ಕೊಟ್ಟದ್ದು ಚಿಕ್ಕವು ಎನಿಸಿಕೊಂಡ ಈ ಬರಹಗಳು. ಅವುಗಳಲ್ಲಿ ಮೂರು ಕನ್ನಡ ನಾಡಿನವು.

ಮೂರನೆಯದು ನಮ್ಮ ಸಿದ್ದಾಪುರ ಗುಂಪಿಗೇ ವಿಶೇಷವಾದದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ‘ಇಸಿಲ’ದ ಮಹಾಮಾತ್ರರಿಗೆ ಆರೋಗ್ಯ ಕೋರಿ ಆಜ್ಞೆ ಕಳಿಸಿದರು ಎಂದು ಇದು ಆರಂಭವಾಗುತ್ತದೆ. ಒಂದು ಆದೇಶ ಚಕ್ರವರ್ತಿಯಿಂದ ಪ್ರಾಂತದ ರಾಜಧಾನಿಗೆ, ಅಲ್ಲಿಂದ ಸ್ಥಳೀಯ ಅಧಿಕಾರಿಗಳಿಗೆ ಇಳಿದು ಬಂದ ದಾರಿ ಇಲ್ಲಿ ಕಣ್ಣಿಗೆ ಕಾಣುತ್ತದೆ. ಇಸಿಲ ಎಂಬ ಊರಹೆಸರಿನಲ್ಲಿ ಕನ್ನಡದ ಬೇರನ್ನು ಹುಡುಕಿದ ವಿದ್ವಾಂಸರಿದ್ದಾರೆ. ಶಾಸನದ ಕೊನೆಗೆ ಅದನ್ನು ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಹೆಸರನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ, ಸಾಮ್ರಾಜ್ಯದ ವಾಯವ್ಯ ಗಡಿಯಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಗಾಂಧಾರದ ಕಡೆಯ ಅಕ್ಷರ ಬಲ್ಲವನೊಬ್ಬ ಚಿತ್ರದುರ್ಗ ಸೀಮೆಯ ಬಂಡೆಗೆ ಬರೆದಿದ್ದ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ಹದಿನಾಲ್ಕರ ದೊಡ್ಡ ಸರಣಿಯಲ್ಲಿ ಯಾವ ಬರೆಹಗಾರನ ಹೆಸರೂ ಉಳಿದಿಲ್ಲ.

ದಕ್ಷಿಣದ ತಾಣಗಳಲ್ಲಿ ಮಾತ್ರ ದೊರೆತಿರುವ ಎರಡನೆಯ ಭಾಗವೊಂದು ಇಲ್ಲಿದೆ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು, ಇದು ಹಿಂದಿನಿಂದ ಬಂದ ನಡಾವಳಿ ಎಂಬುದು ಅದರ ತಾತ್ಪರ್ಯ. ಶಿಕ್ಷಕರಾದ ನಿಮಗೆ ಇದನ್ನು ವಿಶೇಷವಾಗಿ ನೆನಪಿಸಬೇಕೆನಿಸುತ್ತದೆ. ಅಂತೇವಾಸಿ ಮತ್ತು ಆಚಾರ್ಯ, ಅಂದರೆ ವಿದ್ಯಾರ್ಥಿ ಮತ್ತು ಶಿಕ್ಷಕ, ಈ ಎರಡು ಪದಗಳು ನಮ್ಮ ತಾಲ್ಲೂಕಿನ ಅತ್ಯಂತ ಹಳೆಯ ಬರಹದಲ್ಲೇ ಜೊತೆಯಾಗಿ ನಿಂತಿವೆ.

ಎಲ್ಲಕ್ಕಿಂತ ಬಲವಾದ ಆಧಾರವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಈ ಶಾಸನ ಹೇಳುವುದೇ ಚಿಕ್ಕವರ ಬಗ್ಗೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಚಿಕ್ಕವನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲ. ಚಿಕ್ಕವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದೇ ಈ ಘೋಷಣೆ ಎಂದು ಅಶೋಕ ಸಾರುತ್ತಾನೆ. ಚಿಕ್ಕವರಿಗೆ ಅಲ್ಲಿ ಬಳಸಿದ ಪ್ರಾಕೃತ ಪದ ‘ಖುದಕ’, ಸಂಸ್ಕೃತದ ಕ್ಷುದ್ರಕ. ದೊಡ್ಡವರಿಗೆ ‘ಮಹಾತ್ಪ’, ಅಂದರೆ ಮಹಾತ್ಮರು. ಲ್ಯಾಟಿನ್ನಿನಲ್ಲಿ ಮಿನೊರ್, ಮಾಯೊರ್ ಎಂದು ನಿಲ್ಲುವ ಜೋಡಿ ಇಲ್ಲಿ ಪ್ರಾಕೃತದಲ್ಲಿ ಖುದಕ, ಮಹಾತ್ಪ ಎಂದು ನಿಂತಿದೆ. ಇಬ್ಬರ ನಡುವೆ ಸ್ಥಾನದ ಅಂತರವಿದೆ ಎಂದು ದೊರೆ ಒಪ್ಪುತ್ತಾನೆ. ಆ ಅಂತರ ಯೋಗ್ಯತೆಯನ್ನು ತೀರ್ಮಾನಿಸುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಶಾಸನವನ್ನು ಮೈನರ್ ಎಂಬ ಮಾತ್ರಕ್ಕೆ ಕಡೆಗಣಿಸುವವರಿಗೆ ಶಾಸನದೊಳಗೇ ಉತ್ತರವಿದೆ. ಈ ವಿಶೇಷಣದ ಪಾಠಕ್ಕೆ ಇದಕ್ಕಿಂತ ತಕ್ಕ ಪಠ್ಯವನ್ನು ನಾನು ಕಾಣೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಒಪ್ಪಬೇಕು. ದೊಡ್ಡ ಸರಣಿಯಲ್ಲಿರುವ ಬಹಳಷ್ಟು ಸಂಗತಿ ಇಲ್ಲಿಲ್ಲ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು, ಎಲ್ಲ ಪಂಥಗಳಿಗೂ ಗೌರವ, ಕಳಿಂಗ ಯುದ್ಧದ ಸಾವುನೋವು ಮತ್ತು ಆ ಬಗೆಗಿನ ಪಶ್ಚಾತ್ತಾಪ, ಗ್ರೀಕ್ ಅರಸರ ಹೆಸರುಗಳು, ಇವೆಲ್ಲ ಅಲ್ಲಿವೆ. ಆಡಳಿತದ ಚರಿತ್ರೆ ಬರೆಯುವವರು ಆ ಸರಣಿಯನ್ನು ಹೆಚ್ಚಾಗಿ ನೆಚ್ಚುವುದು ನ್ಯಾಯವೇ. ನಮ್ಮ ಬಂಡೆಯೇ ದೊಡ್ಡದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಇದನ್ನು ಕನ್ನಡದ ಮೊದಲ ಶಾಸನ ಎಂದು ಹೇಳಿಬಿಡುವ ಉತ್ಸಾಹವೂ ಬೇಡ. ಇದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಹುಸಿ ಹಿರಿಮೆ ಕಟ್ಟುವುದೂ ಹುಸಿ ಕೀಳರಿಮೆ ಉಳಿಸುವುದೂ ಮಕ್ಕಳಿಗೆ ಒಂದೇ ಬಗೆಯ ಅನ್ಯಾಯ.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಪದದ ಬೇರು ಅದರ ಇಂದಿನ ಅರ್ಥವನ್ನು ಆಳುವುದಿಲ್ಲ, ಲ್ಯಾಟಿನ್ನನ್ನು ಏಕೆ ಎಳೆದು ತರಬೇಕು ಎಂದು ಭಾಷೆ ಬಲ್ಲವರು ಕೇಳಬಹುದು. ಮಾತು ಸರಿ. ಸೇವಕ ಎಂಬ ಮೂಲಾರ್ಥ ಹಿಡಿದು ಇಂದಿನ ಮಿನಿಸ್ಟರ್ ಪದವನ್ನು ವಿವರಿಸಲು ಆಗುವುದಿಲ್ಲ. ನನ್ನ ವಾದವೂ ಬೇರಿನ ಮೇಲೆ ಮಾತ್ರ ನಿಂತಿಲ್ಲ. ಈ ಶಾಸನಗಳಿಗೆ ಹೆಸರಿಟ್ಟವರ ಬಳಕೆಯ ಮೇಲೆ, ನೀರಾವರಿ, ಖನಿಜ, ವಯಸ್ಸಿನ ಕಾನೂನುಗಳಲ್ಲಿ ಇಂದಿಗೂ ನಡೆಯುತ್ತಿರುವ ಬಳಕೆಯ ಮೇಲೆ ನಿಂತಿದೆ. ಅಲ್ಲೆಲ್ಲ ಪದ ಅಳತೆಯನ್ನೇ ಹೇಳುತ್ತಿದೆ. ಆ ಬಳಕೆ ಹೇಗೆ ಬಂತೆಂದು ತೋರಿಸಲು ಮಾತ್ರ ಲ್ಯಾಟಿನ್ ಬೇಕಾಯಿತು.

ಇದು ವಿದ್ವಾಂಸರ ಪಾರಿಭಾಷಿಕ ಪದ, ಅದನ್ನು ತಪ್ಪಾಗಿ ತಿಳಿಯುವವರು ಯಾರು ಎಂಬುದು ಇನ್ನೊಂದು ಆಕ್ಷೇಪ. ವಿದ್ವಾಂಸರು ತಪ್ಪಾಗಿ ತಿಳಿಯುವುದಿಲ್ಲ, ನಿಜ. ಆದರೆ ಪಾರಿಭಾಷಿಕ ಪದ ವಿದ್ವಾಂಸರ ಮನೆಯಲ್ಲೇ ಉಳಿಯುವುದಿಲ್ಲ. ಅದು ಪಠ್ಯಕ್ಕೆ, ಪರೀಕ್ಷೆಯ ಬಹುಆಯ್ಕೆ ಪ್ರಶ್ನೆಗೆ, ಪ್ರವಾಸಿ ಫಲಕಕ್ಕೆ, ಅಲ್ಲಿಂದ ಜನರ ಬಾಯಿಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ವ್ಯಾಖ್ಯೆ ದಾರಿಯಲ್ಲೇ ಉದುರಿ, ಪದ ಮಾತ್ರ ತಲುಪುತ್ತದೆ. ಪದವನ್ನು ಮಕ್ಕಳಿಗೆ ತಲುಪಿಸುವ ಶಿಕ್ಷಕರೇ ಅದರ ವ್ಯಾಖ್ಯೆಯನ್ನೂ ಕೈಗೊಪ್ಪಿಸಬೇಕು. ಆ ಕೆಲಸ ಮಾಡಬಲ್ಲ ಬೇರೆ ಯಾರೂ ನಡುವೆ ಇಲ್ಲ.

ಹೆಸರನ್ನೇ ಬದಲಿಸಿದರೆ ಗೊಂದಲವಾಗದೇ ಎಂಬುದು ಮೂರನೆಯ ಆಕ್ಷೇಪ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಎರಡೂ ಬಗೆಯ ಶಾಸನಗಳು ಒಂದೇ ಕಡೆ ಇವೆ; ಅವನ್ನು ಬೇರ್ಪಡಿಸಿ ಹೇಳಲು ಒಂದು ಗುರುತು ಬೇಕೇ ಬೇಕು. ಆದ್ದರಿಂದ ಹೆಸರು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಇಂಗ್ಲಿಷಿನಲ್ಲಿ ಜಗತ್ತಿಗೆಲ್ಲ ಪರಿಚಿತವಾದ ಹೆಸರು ಹಾಗೆಯೇ ಇರಲಿ; ಮುಂದೆ ಓದುವ ಮಕ್ಕಳಿಗೆ ಅದು ಬೇಕಾಗುತ್ತದೆ. ನಾನು ಕೇಳುವುದು ಮೂರು ಸಣ್ಣ ಅಭ್ಯಾಸಗಳನ್ನು. ಕನ್ನಡದಲ್ಲಿ ಹೇಳುವಾಗ, ಬರೆಯುವಾಗ ಲಘು, ಸಣ್ಣ ಎನ್ನದೆ ‘ಕಿರು ಶಿಲಾಶಾಸನ’ ಎಂಬ ಒಂದೇ ರೂಪವನ್ನು ಎಲ್ಲರೂ ಬಳಸೋಣ. ಮೊದಲ ಸಲ ಆ ಪದ ಬಂದಾಗ ‘ಹದಿನಾಲ್ಕು ಶಾಸನಗಳ ಸರಣಿಗಿಂತ ಉದ್ದದಲ್ಲಿ ಚಿಕ್ಕದಾದ ಬರಹ’ ಎಂಬ ಒಂದು ಸಾಲನ್ನು ಜೊತೆಗೆ ಹೇಳೋಣ. ಲ್ಯಾಟಿನ್ನಿನಲ್ಲಿದ್ದು ನಮ್ಮವರೆಗೆ ಬರುವಾಗ ಕಳೆದುಹೋದ ‘-ಗಿಂತ’ವನ್ನು ಹೀಗೆ ವಾಪಸು ಸೇರಿಸಿದಂತಾಗುತ್ತದೆ. ವರ್ಗದ ಹೆಸರಿನ ಮುಂದೆ ತಾಣದ ಹೆಸರನ್ನು, ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂದು, ಬಿಡದೆ ಹೇಳೋಣ.

ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನದ ಶಿಕ್ಷಕರು ಸೇರಿ ಒಂದು ತರಗತಿ ನಡೆಸಿದರೆ ಇನ್ನೂ ಒಳ್ಳೆಯದು. ಒಬ್ಬರು ಮೈನರ್, ಮೇಜರ್, ಮಿನಿಮಮ್ ಪದಗಳ ಮನೆತನವನ್ನು ಹಲಗೆಯ ಮೇಲೆ ಬಿಡಿಸಲಿ. ಇನ್ನೊಬ್ಬರು ಖುದಕ, ಮಹಾತ್ಪ ಪದಗಳನ್ನು ಬ್ರಾಹ್ಮಿಯಲ್ಲಿ ಬರೆದು ತೋರಿಸಲಿ. ಆಮೇಲೆ ಪತ್ರಿಕೆಯ ಸುದ್ದಿಗಳಿಂದ ಈ ಪದ ಬಂದ ವಾಕ್ಯಗಳನ್ನು ಮಕ್ಕಳೇ ಆರಿಸಿ ತರಲಿ: ಎಲ್ಲಿ ಅದು ಅಳತೆ, ಎಲ್ಲಿ ತೀರ್ಪು, ತೀರ್ಪಾಗಿದ್ದರೆ ಅದನ್ನು ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಎಂದು ಅವರೇ ವಿಂಗಡಿಸಲಿ. ಬೇರೆಯವರು ಇಟ್ಟ ವಿಶೇಷಣವನ್ನು ಪ್ರಶ್ನಿಸದೆ ಒಪ್ಪಿಕೊಳ್ಳದ ಅಭ್ಯಾಸ ಒಂದು ಶಾಸನದ ಮಟ್ಟಿಗೆ ಕಲಿತರೆ, ಆ ಮಕ್ಕಳು ಅದನ್ನು ಹಿಂದುಳಿದ ತಾಲ್ಲೂಕು, ಬರಪೀಡಿತ ಪ್ರದೇಶ ಎಂದು ತಮ್ಮ ಊರಿಗೆ ಅಂಟಿಸುವ ಮಾತುಗಳಿಗೂ ಅನ್ವಯಿಸಬಲ್ಲರು. ಅವುಗಳಲ್ಲಿ ನಿಜವಾದ ಅಳತೆ ಎಷ್ಟು, ತಾತ್ಸಾರ ಎಷ್ಟು ಎಂದು ಬೇರ್ಪಡಿಸಬಲ್ಲರು. ಮುಂದಿನ ಸಲ ಮೌರ್ಯರ ಪಾಠಕ್ಕೆ ಬಂದಾಗ ದಯವಿಟ್ಟು ‘ಯಾವುದಕ್ಕಿಂತ?’ ಎಂಬ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ, ಅದಕ್ಕೆ ಉತ್ತರ ಹುಡುಕಲು ಮಕ್ಕಳಿಗೆ ಸಮಯ ಕೊಡಿ ಎಂದು ವಿನಂತಿಸುತ್ತೇನೆ.


ಇದೇ ಸೀಮೆಯ ಒಬ್ಬ ಓದುಗ